ಅವ್ವ ಬಸ್ಸಿನಲ್ಲಿ ಹೋದ ದಾರಿ

ಮೊನ್ನೆ ಬದಲಿ ಡ್ಯೂಟಿಯ ಮೇಲೆ ಮದ್ದೂರು–ಮಳವಳ್ಳಿ ಬಸ್ಸಿಗೆ ಹೋಗಿದ್ದೆ. ನಾನೀಗ ಮಂಡ್ಯದ ಡಿಪೋದಲ್ಲಿ ಕಂಡಕ್ಟರು. ಆ ರೂಟಿಗೆ ಕಾಲಿಟ್ಟು ವರ್ಷದ ಮೇಲಾಗಿತ್ತು. ನಡುದಾರಿಯ ದೊಡ್ಡಿ ಊರಿನ ಹತ್ತಿರ ಬರುತ್ತಿದ್ದಂತೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಕಿಟಕಿಯಿಂದ ನುಗ್ಗಿತು. ಹೊಸಬರು ಮೂಗು ಮುಚ್ಚಿಕೊಂಡರು, ಹಳಬರಿಗೆ ಗೊತ್ತೇ ಆಗಲಿಲ್ಲ. ನಾನು ಮಾತ್ರ ಟಿಕೆಟ್ ಹರಿಯುತ್ತಿದ್ದವಳು ಕಂಬ ಹಿಡಿದು ಹಾಗೇ ನಿಂತುಬಿಟ್ಟೆ. ನನ್ನ ಅಂಗಾಲು ಉರಿಯಿತು. ಕತೆ ಕಟ್ಟುತ್ತಿಲ್ಲ, ಬೂಟಿನೊಳಗೆ ನಿಜವಾಗಿ ಉರಿಯಿತು. "ಏನಮ್ಮ, ಚೀಟಿ ಕೊಡ್ತೀಯೋ ಇಲ್ಲ ಇಂಗೇ ನಿಂತಿರ್ತೀಯೋ" ಎಂದು ಒಬ್ಬ ಅಜ್ಜಿ ಗದರಿದ ಮೇಲೆ ಕೈ ಆಡಿತು.

ಆ ವಾಸನೆ ಬಂದರೆ ನನಗೆ ಒಂದೇ ಒಂದು ವರ್ಷ ನೆನಪಾಗುತ್ತದೆ. ಒಂದು ಹಗಲಿನ ನಡಿಗೆಗಾಗಿ ಆಷಾಢದಿಂದ ಕಾರ್ತಿಕದ ತನಕ ತಲೆ ಕೆಡಿಸಿಕೊಂಡಿದ್ದ ವರ್ಷ. ಅದು ಯಾರಿಗಾಗಿಯೋ ಆ ಅವ್ವ ಈಗಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ಆಗ ನಾನು ಮಳವಳ್ಳಿ ಡಿಪೋದಲ್ಲಿದ್ದೆ, ವಯಸ್ಸು ನಲವತ್ತಾರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು. ಮತ್ತೆ ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆರೆ ಕಡೆಯ ಬೀದಿಯಲ್ಲಿ ಒಂದು ಬಾಡಿಗೆ ರೂಮು. ದಿನಕ್ಕೆ ನೂರಾರು ಜನರ ಜೊತೆ ಮಾತಾಡುತ್ತಿದ್ದೆ, ಎಲ್ಲ ಅದೇ ಮೂರು ಮಾತು: ಎಲ್ಲಿಗೆ, ಒಳಗೆ ಹೋಗಿ, ಬೇಗ ಇಳೀರಿ. ಸಂಜೆ ರೂಮಿನ ಬೀಗ ತೆಗೆದ ಮೇಲೆ ಮಾರನೆಯ ಬೆಳಗಿನ ತನಕ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಹುಷಾರಿಲ್ಲದಾಗ ಮಾತ್ರ ಆ ರೂಮು ಎಷ್ಟು ದೊಡ್ಡದು ಅನ್ನಿಸುತ್ತಿತ್ತು.

ಅವ್ವ ಕೆರಗೋಡಿನಲ್ಲಿ ನನ್ನ ತಮ್ಮ ಕುಮಾರನ ಮನೆಯಲ್ಲಿದ್ದಳು. ಹಿಂದಿನ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂದು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವಳು ನನ್ನ ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದಳು. ಡಾಕ್ಟರು ಮುಖ ಸಣ್ಣಗೆ ಮಾಡಿಕೊಂಡ ದಿನ ಅವಳು ಮಲೆ ಮಾದಪ್ಪನಿಗೆ ಹರಕೆ ಹೊತ್ತಳು: "ನನ್ ಮಗ್ಳು ಎದ್ ಕೂತ್ರೆ ನಿನ್ ಬೆಟ್ಟಕ್ಕೆ ಕಾಲ್ನಡ್ಗೇಲಿ ಬತ್ತೀನಿ ಕಣಪ್ಪ." ನಾನು ಎದ್ದು ಕೂತೆ. ಶಿವರಾತ್ರಿಗೆ ಅವಳು ಹೊರಟಳು.

ನಮ್ಮ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ತಂಡಗಳು ಬೇಕಾದಷ್ಟಿವೆ. ಕೆರಗೋಡಿನ ತಂಡಕ್ಕೆ ಯಜಮಾನ ಬೋರಣ್ಣ. ಮೊದಲ ರಾತ್ರಿ ಮದ್ದೂರಿನಲ್ಲಿ ತಂಗುವುದು, ಎರಡನೇ ದಿನ ಮಳವಳ್ಳಿ, ಆಮೇಲೆ ಬೆಳಕವಾಡಿ ದಾಟಿ ಹೊಳೆ, ಕೊಳ್ಳೇಗಾಲ, ಕಾಡು, ಬೆಟ್ಟ. ಎಲ್ಲವೂ ಬರಿಗಾಲಲ್ಲಿ. ನಡೆದವರನ್ನು ಕೇಳಿ ನೋಡಿ, ಅವರು ಹೆದರುವುದು ಬೆಟ್ಟಕ್ಕಲ್ಲ, ಈ ಎರಡನೇ ದಿನಕ್ಕೆ. ಮೊದಲ ದಿನದ ಬೊಬ್ಬೆ ಒಡೆದಿರುತ್ತದೆ, ಟಾರು ಕಾದಿರುತ್ತದೆ, ಕಾಡಿನ ನೆರಳು ಇನ್ನೂ ಎಷ್ಟೋ ದೂರ ಇರುತ್ತದೆ.

ಆ ಎರಡನೇ ದಿನ ನನ್ನ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ ಮದ್ದೂರು ಬಿಟ್ಟಿತ್ತು. ಮೂರು ಕಿಲೋಮೀಟರು ಬಂದಿರಬೇಕು, ಹುಣಸೆಮರದ ಬುಡದಲ್ಲಿ ಅವ್ವ ಒಬ್ಬಳೇ ಕೂತಿದ್ದಳು. ತಂಡ ಮುಂದೆ ಹೋಗಿತ್ತು. ಅಂಗಾಲಿಗೆ ಹಳೇ ಸೀರೆಯ ಚೂರು ಸುತ್ತಿದ್ದಳು, ಅದು ಕೆಂಪಗೆ ನೆನೆದಿತ್ತು. ಸೀಟಿ ಊದಿ ಬಸ್ಸು ನಿಲ್ಲಿಸಿದೆ.

"ಬಸ್ ಅತ್ತವ್ವ" ಅಂದೆ.

"ಓಗು ನೀನು. ಒಸಿ ಕೂತಿದ್ದು ಬತ್ತೀನಿ."

"ಕಾಲ್ ನೋಡ್ಕಂಡಿದ್ದೀಯಾ? ಅತ್ತು ಅಂದ್ರೆ ಅತ್ತು."

"ಅತ್ಬಾರ್ದು ಕಣಮ್ಮಿ. ಅರಕೆ."

ಬಸ್ಸಿನಲ್ಲಿ ಗಲಾಟೆ ಶುರುವಾಯಿತು. ಒಬ್ಬ ಆಫೀಸಿಗೆ ಹೊತ್ತಾಯಿತು ಅಂದ. ಇನ್ನೊಬ್ಬ, "ದೇವ್ರೇನ್ ಇಲ್ ಬಂದು ನೋಡ್ತಾ ಕೂತವ್ನಾ, ಅತ್ತಜ್ಜಿ" ಅಂದ. ನಾನು ಕೆಳಗಿಳಿದು ಅವಳ ಎರಡೂ ಕಂಕುಳಿಗೆ ಕೈ ಹಾಕಿ ಮೂಟೆ ಎತ್ತಿದ ಹಾಗೆ ಎತ್ತಿ ಒಳಗೆ ತಂದು ಕೂರಿಸಿದೆ. ಅವಳು ಕೊಸರಾಡಲಿಲ್ಲ. ಇಷ್ಟು ಜನರ ಎದುರಿಗೆ ಮಗಳ ಮರ್ಯಾದೆ ತೆಗೆಯಬಾರದು ಅಂತ ಬಾಯಿ ಮುಚ್ಚಿಕೊಂಡಳು, ಇದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದರೂ ಶೂನ್ಯದ ಟಿಕೆಟ್ಟು ಕೊಡಲೇಬೇಕು. ಮಿಷನ್ನಿನಿಂದ ಹರಿದು ಕೊಟ್ಟೆ. ತೆಗೆದುಕೊಳ್ಳುವಾಗ ಅವ್ವ ನನ್ನ ಮುಖ ನೋಡಲಿಲ್ಲ. ನಾನು ಮಾತ್ರ ದೊಡ್ಡ ಉಪಕಾರ ಮಾಡಿದೆ ಅಂತ ದಿನವಿಡೀ ಬೀಗುತ್ತಿದ್ದೆ.

ಅವಳು ಮಳವಳ್ಳಿಯಲ್ಲಿ ತಂಡಕ್ಕಾಗಿ ಕಾದು, ಉಳಿದ ದಾರಿ ಪೂರ್ತಿ ನಡೆದು, ಬೆಟ್ಟ ಹತ್ತಿ ಬಂದಳು. ಬಂದ ಮೇಲೆ ನನ್ನ ಜೊತೆ ಮಾತು ಬಿಟ್ಟಳು. ಫೋನು ಮಾಡಿದರೆ ಕುಮಾರನೇ ಎತ್ತುತ್ತಿದ್ದ: "ಅವ್ವ ಗದ್ದೆಗೋಗವ್ಳೆ ಕಣಕ್ಕ", "ಅವ್ವ ಮನಿಕಂಡವ್ಳೆ." ಯುಗಾದಿಗೆ ಹೋದರೆ ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು, ತಲೆ ಎತ್ತಲಿಲ್ಲ. ನನಗೂ ರೋಷ ಬಂತು. ಕಾಲಲ್ಲಿ ರಕ್ತ ಸುರೀತಿದ್ದವಳನ್ನು ಬೀದಿಯಲ್ಲಿ ಬಿಟ್ಟು ಹೋಗಬೇಕಿತ್ತಾ?

ಆಷಾಢದಲ್ಲಿ ಒಂದು ದಿನ ಹೋದಾಗ ಗೋಡೆಯ ಮಾದಪ್ಪನ ಪಟದ ಚೌಕಟ್ಟಿಗೆ ಒಂದು ಕಾಗದದ ಚೂರು ಸಿಕ್ಕಿಸಿರುವುದು ಕಂಡಿತು. ನಾನು ಕೊಟ್ಟ ಟಿಕೆಟ್ಟು. ಅಕ್ಷರ ಮಾಸಿ ಬಿಳಿಚಿಕೊಂಡಿತ್ತು.

"ಇದ್ಯಾಕವ್ವ ಇಟ್ಕಂಡಿದ್ದೀಯಾ? ಅಚ್ಚೂ ಅಳ್ಸೋಗದೆ."

"ಅಚ್ ಅಳ್ಸೋಯ್ತು. ತಪ್ ಅಳ್ಸೋಯ್ತದಾ?"

"ನನ್ ಮೇಲೆ ಕ್ವಾಪನಾ?"

ಅವಳು ಮೊರದಲ್ಲಿದ್ದ ಅವರೆಬೇಳೆ ಬದಿಗಿಟ್ಟಳು. "ನಿನ್ ಮೇಲ್ಯಾಕೆ ಕ್ವಾಪ? ಅರಕೆ ನಿನ್ ಜೀವದ್ದು ಕಣಮ್ಮಿ. ಅದ್ನ ಅರ್ಧಂಬರ್ದ ಮಾಡ್ಬುಟ್ಟೆ. ನಿನ್ ಮಕ ನೋಡುದ್ರೆ ಏನಾಯ್ತದೋ ಏನೋ ಅಂತ ಎದೆ ನಡುಗ್ತದೆ. ಅದ್ಕೇ ನೋಡಾಕಿಲ್ಲ. ತಿರ್ಗಾ ನಡ್ಯನಾ ಅಂದ್ರೆ ಮಂಡಿ ಬಗ್ಗಾಕಿಲ್ಲ."

ನಾನು ಅಷ್ಟೇನೂ ದೇವರು ದಿಂಡರು ಅನ್ನುವವಳಲ್ಲ. ಹರಕೆ ಅರ್ಧವಾದರೆ ನಾನು ಸಾಯುತ್ತೇನೆ ಅಂತ ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಆದರೆ ಈ ಭೂಮಿಯ ಮೇಲೆ ನನ್ನ ಮುಖ ನೋಡಿ ಊಟ ಆಯ್ತಾ ಅನ್ನುವವಳು ಒಬ್ಬಳೇ ಇದ್ದಳು, ಅವಳೂ ನೋಡುವುದು ಬಿಟ್ಟಿದ್ದಳು. ನನಗೆ ಬೇಕಾದದ್ದು ಇಷ್ಟೇ, ಅವ್ವ ನನ್ನ ಮುಖ ನೋಡಬೇಕು.

ಎದ್ದು ಸೀದಾ ಬೋರಣ್ಣನ ಮನೆಗೆ ಹೋದೆ. ಅವನು ಜಗುಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

"ಅತ್ಸಿದೋಳು ನೀನು. ಅದೇ ಉಣ್ಸೆಮರದಿಂದ ಮಳವಳ್ಳಿ ಗಂಟ ನೀನೇ ನಡಿ. ಒತ್ ಮೂಡ್ದಾಗ ಒಂಟ್ರೆ ಒತ್ ಮುಳ್ಗೋದ್ರೊಳ್ಗೆ ಮುಟ್ಬೇಕು. ಬರಿಗಾಲು."

"ಅಂಗಂತ ಸಾಸ್ತ್ರದಲ್ಲಿ ಅದಾ ಬೋರಣ್ಣ?"

"ಸಾಸ್ತ್ರ ಬರ್ದೋರು ಬಸ್ ಕಂಡಿದ್ರಾ? ನಾನೇಳ್ತಾವ್ನೆ, ನಡಿ."

ಅಲ್ಲಿಂದ ನನ್ನ ಯೋಜನೆ ಶುರು. ಹಾಳು ಟ್ರಿಪ್ ಶೀಟಿನ ಹಿಂದೆ ಸ್ಟಾಪುಗಳನ್ನು ಒಂದರ ಕೆಳಗೊಂದು ಬರೆದೆ. ಇಷ್ಟು ವರ್ಷ ತಿರುಗಿದ ರೂಟು, ಕಣ್ಣು ಮುಚ್ಚಿ ಹೇಳುತ್ತೇನೆ ಅನ್ನುವ ಗತ್ತು. ಬಸ್ಸಿಗೆ ಒಂದು ಗಂಟೆ ಬೇಕು. ಬಸ್ಸು ಎಲ್ಲಿ, ನಾನೆಲ್ಲಿ, ಎಂಟು ಪಟ್ಟು ಹಾಕೋಣ, ಎಂಟು ಗಂಟೆ. ಪ್ರತಿ ಸ್ಟಾಪಿನ ಮುಂದೆ ಗಂಟೆ ನಿಮಿಷ ಬರೆದೆ. ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡಿ, ಊಟ, ಮೂರೂವರೆಗೆ ಮಳವಳ್ಳಿ. ಬೋರಣ್ಣ ಕೊಟ್ಟ ಹೊತ್ತಿಗಿಂತ ಮುಂಚೆಯೇ ಮುಟ್ಟಿ ಒಂದು ನಿದ್ದೆ ತೆಗೆಯಬಹುದು ಅಂದುಕೊಂಡೆ.

ಆಮೇಲೆ ದಾರಿ ನೋಡುವುದಕ್ಕೆ ಶುರುಮಾಡಿದೆ. ಹೇಳಿದರೆ ನಗುತ್ತೀರಿ, ಆ ರಸ್ತೆಯನ್ನು ನಾನು ಅದುವರೆಗೂ ನೋಡಿಯೇ ಇರಲಿಲ್ಲ. ಡ್ರೈವರು ರಸ್ತೆ ನೋಡುತ್ತಾನೆ, ಕಂಡಕ್ಟರು ಜನ ನೋಡುತ್ತಾಳೆ. ಯಾರು ಹತ್ತಿದರು, ಯಾರು ಇಳಿದರು, ಯಾರು ಬಾಗಿಲಲ್ಲಿ ನೇತಾಡುತ್ತಿದ್ದಾರೆ, ಅಷ್ಟೇ ನನ್ನ ಲೋಕ. ಎರಡು ಸ್ಟಾಪಿನ ನಡುವೆ ಒಂದು ರಸ್ತೆ ಇರುತ್ತದೆ ಅನ್ನುವುದೇ ನನ್ನ ತಲೆಯಲ್ಲಿರಲಿಲ್ಲ. ಈಗ ಕಿಟಕಿಗೆ ಬಗ್ಗಿ ಬಗ್ಗಿ ನೋಡಿ ಶೀಟಿಗೆ ಸೇರಿಸತೊಡಗಿದೆ: ಇಲ್ಲಿ ನಲ್ಲಿ, ಇಲ್ಲಿ ಹೋಟೆಲು, ಇಲ್ಲಿ ಆಲದ ಮರ, ಇಲ್ಲಿ ಹೆಂಗಸರು ಹೋಗಬಹುದಾದ ಮರೆ. ಕೊನೆಯದಕ್ಕೆ ಇಡೀ ದಾರಿಯಲ್ಲಿ ಎರಡೇ ಜಾಗ ಸಿಕ್ಕವು. ನಮ್ಮ ಡ್ರೈವರ್ ರಾಜಣ್ಣ ಕನ್ನಡಿಯಲ್ಲಿ ನೋಡಿ, "ಏನ್ ಮಂಜುಳಮ್ಮ, ಜಮೀನ್ ತಗಳಕ್ ಬಂದಿರೋಳಂಗ್ ನೋಡ್ತಿದ್ದೀಯಲ್ಲ" ಅಂದ. ವಿಷಯ ಹೇಳಿದೆ. ಅವನು ನಗಲಿಲ್ಲ. ಅಂದಿನಿಂದ ಮರಗಳ ಹತ್ತಿರ ಬಸ್ಸು ಒಸಿ ನಿಧಾನ ಮಾಡುತ್ತಿದ್ದ.

ಕಾಲುಗಳದೊಂದು ಕತೆ. ಹನ್ನೆರಡು ಗಂಟೆ ನಿಲ್ಲು ಅಂದರೆ ನಿಲ್ಲುತ್ತೇನೆ, ನಡಿ ಅಂದರೆ ಅರ್ಧ ಮೈಲಿಗೆ ಮೀನಖಂಡ ಹಿಡಿಯುತ್ತಿತ್ತು. ನಿಂತು ನಿಂತು ನರಗಳು ಗಂಟು ಕಟ್ಟಿದ್ದವು. ಮೊದಲ ಟ್ರಿಪ್ಪಿಗೆ ಮುಂಚೆ ಎದ್ದು ಮಳವಳ್ಳಿ ಕೆರೆ ಏರಿಯ ಮೇಲೆ ಬರಿಗಾಲಲ್ಲಿ ನಡೆಯತೊಡಗಿದೆ. ಮೊದಲ ವಾರ ಕಲ್ಲು ಚುಚ್ಚಿ ಕಣ್ಣಲ್ಲಿ ನೀರು ಬಂತು. ವಾಕಿಂಗಿಗೆ ಬರುವ ಗಂಡಸರು ತಮ್ಮ ಬಿಳೀ ಬೂಟಿನಿಂದ ನನ್ನ ಕಾಲಿನ ತನಕ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರು. ಶ್ರಾವಣ ಕಳೆದು ಗೌರಿ ಬರುವ ಹೊತ್ತಿಗೆ ಅಂಗಾಲು ಗಟ್ಟಿಯಾಯಿತು. ಏರಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಹೋಗಿ ಬರುತ್ತಿದ್ದೆ. ನೀರಿನ ಮೇಲೆ ಮಂಜು, ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ಅಷ್ಟು ಹೊತ್ತು ಯಾರೂ ನನ್ನನ್ನು ಟಿಕೆಟ್ ಕೇಳುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ.

ಜೊತೆಗೊಬ್ಬರು ಇದ್ದರೆ ಚೆನ್ನ ಅನ್ನಿಸಿತು. ನಾದಿನಿಯನ್ನು ಕೇಳಿದೆ, ಮಕ್ಕಳ ಪರೀಕ್ಷೆ ಅಂದಳು. ಡಿಪೋದ ಒಬ್ಬಳನ್ನು ಕೇಳಿದೆ, ಅವಳಿಗೆ ಬೆನ್ನು ನೋವು. ಮೂರನೆಯವರು ಯಾರು ಅಂತ ಯೋಚಿಸಿದೆ. ಪೆನ್ನು ಹಿಡಿದುಕೊಂಡು ಅರ್ಧ ಗಂಟೆ ಕೂತೆ. ಮೂರನೇ ಹೆಸರೇ ಹೊಳೆಯಲಿಲ್ಲ. ಶೀಟಿನಲ್ಲಿ "ಜೊತೆ" ಎಂದು ಬರೆದಿದ್ದ ಕಡೆ ಒಂದು ಗೀಟು ಎಳೆದು ಮಲಗಿದೆ.

ಕಾರ್ತಿಕದ ಒಂದು ಸೋಮವಾರಕ್ಕೆ ರಜೆ ಬದಲಾಯಿಸಿಕೊಂಡೆ. ಸೋಮವಾರ ಮಾದಪ್ಪನ ದಿನ. ಕುಮಾರನಿಗೆ ಫೋನು ಮಾಡಿ, "ಅವ್ವಂಗೆ ಏಳು, ಸ್ವಾಮಾರ ನಡೀತೀನಿ ಅಂತ" ಅಂದೆ. ಅವನು ಫೋನು ಹಿಡಿದುಕೊಂಡೇ ಕೂಗಿ ಹೇಳಿದ.

ಆ ಬೆಳಿಗ್ಗೆ ಮೊದಲ ಬಸ್ಸಿಗೆ ಮದ್ದೂರಿಗೆ ಹೋಗಿ, ಅಲ್ಲಿಂದ ಹುಣಸೆಮರಕ್ಕೆ ಆಟೋದಲ್ಲಿ ಇಳಿದೆ. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಚೀಲದಲ್ಲಿ ಎರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ನೀರು, ಔಷಧದ ಪಟ್ಟಿ, ನನ್ನ ಶೀಟು. ಗದ್ದೆಯ ತೆನೆಗಳ ಮೇಲೆ ಇಬ್ಬನಿ ಇತ್ತು. ಟಾರು ತಣ್ಣಗಿತ್ತು. ಎಡಗೆನ್ನೆಗೆ ಬಿಸಿಲು ಬೀಳುವಾಗ ಹೊರಟೆ. ಮೊದಲ ಒಂದು ಗಂಟೆ ಎಷ್ಟು ಸುಖವಾಗಿತ್ತೆಂದರೆ, ಇದಕ್ಕಾ ಇಷ್ಟೊಂದು ಹೆದರಿದ್ದು ಅನ್ನಿಸಿತು.

ಶೀಟಿನಲ್ಲಿ ನಾನು ಬರೆಯದೇ ಇದ್ದದ್ದು ಒಂದಿತ್ತು, ಬಸ್ಸುಗಳು. ನನ್ನನ್ನು ಗುರುತಿಸದ ಡ್ರೈವರು ಆ ರಸ್ತೆಯಲ್ಲಿ ಇರಲಿಲ್ಲ. ಬಂದ ಬಂದ ಬಸ್ಸೆಲ್ಲ ಪಕ್ಕದಲ್ಲಿ ನಿಂತಿತು. "ಯಾಕಕ್ಕ ನಡೀತಿದ್ದೀಯಾ, ಅತ್ತು." "ಬಸ್ ತಪ್ತಾ? ಬಾ." ದಿನಾ ನನ್ನ ಬಸ್ಸಿನಲ್ಲಿ ಬರುವ ಹೂವಿನ ಹೆಂಗಸು ಕಿಟಕಿಯಿಂದ, "ಎಲ್ರುನೂ ಒಳಕ್ಕೋಗಿ ಒಳಕ್ಕೋಗಿ ಅನ್ನೋಳು, ಇವತ್ತು ನೀನೇ ಈಚೆ ನಿಂತಿದ್ದೀಯಲ್ಲೆ" ಅಂದಳು. ಎಲ್ಲರಿಗೂ ಕೈ ಆಡಿಸಿ ಕಳಿಸಿದೆ. ಎಂಟನೇ ಬಸ್ಸಿಗೆ ತಲೆ ಚಿಟ್ಟು ಹಿಡಿದು, ಕಬ್ಬಿನ ಗದ್ದೆಯ ಕಡೆ ಮುಖ ತಿರುಗಿಸಿಕೊಂಡು ನಡೆದೆ.

ಹತ್ತು ಗಂಟೆಗೆ ಟಾರು ಕಾಯಿತು. ಸ್ಟಾಪು ಬರುವುದೇ ಇಲ್ಲ. ಬಸ್ಸಿನಲ್ಲಿ ಒಂದು ಸೀಟಿಗೆ ಚೀಟಿ ಕೊಡುವಷ್ಟರಲ್ಲಿ ಬರುತ್ತಿದ್ದ ಊರು, ಮುಕ್ಕಾಲು ಗಂಟೆ ನಡೆದರೂ ಕಬ್ಬಿನ ಆಚೆಯೇ ಇತ್ತು. ಹನ್ನೆರಡಕ್ಕೆ ದೊಡ್ಡಿ ಅಂತ ಬರೆದಿದ್ದೆ, ಮುಟ್ಟಿದಾಗ ಒಂದೂ ಮುಕ್ಕಾಲು. ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು, ರಸ್ತೆ ತುಂಬ ತರಗು, ಮೂಗು ತುಂಬ ಕಾಕಂಬಿ. ಎಡ ಅಂಗಾಲಿನ ಬೊಬ್ಬೆ ಅಲ್ಲಿ ಒಡೆಯಿತು. ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಪಟ್ಟಿ ಸುತ್ತಿದೆ. ರೊಟ್ಟಿ ಒಂದು ಚೂರು ಮುರಿದು ತಿಂದು ಉಳಿದದ್ದನ್ನು ಚೀಲಕ್ಕೇ ಹಾಕಿದೆ.

ಆಗ ನಮ್ಮದೇ ಡಿಪೋದ ಬಸ್ಸು ಬಂತು. ಅದರಲ್ಲಿ ಶಿಲ್ಪ ಅಂತ, ಕೆಲಸಕ್ಕೆ ಸೇರಿ ಎರಡು ವರ್ಷವಾದ ಕಂಡಕ್ಟರು. ನನ್ನ ಕಾಲು ನೋಡಿದವಳೇ ಸೀಟಿ ಊದಿ ಇಳಿದು ಬಂದಳು.

"ಅಕ್ಕ, ರಕ್ತ ಬತ್ತಾ ಅದೆ. ಬನ್ನಿ."

"ಇಲ್ಲ ಶಿಲ್ಪ, ಓಗು ನೀನು. ಒಸಿ ಕೂತಿದ್ದು ಬತ್ತೀನಿ."

ಹೇಳಿದ ಮೇಲೆ ಗೊತ್ತಾಯಿತು, ಅದು ಅವ್ವನ ಮಾತು. ಒಂದಕ್ಷರವೂ ಬದಲಾಗಿರಲಿಲ್ಲ. ಶಿಲ್ಪ ನನ್ನ ರಟ್ಟೆ ಹಿಡಿದಳು. ಬಸ್ಸಿನಿಂದ ಯಾರೋ ಹೊತ್ತಾಯ್ತು ಅಂದರು. ಅವಳ ಮುಖದಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ, ನನ್ನ ಮುಖದಲ್ಲೂ ಅವತ್ತು ಇರಲಿಲ್ಲ. ಹತ್ತಿಬಿಡೋಣ ಅಂತ ನನಗೆ ಎಷ್ಟು ಆಸೆಯಾಯಿತು ಅಂದರೆ, ಎದ್ದು ಎರಡು ಹೆಜ್ಜೆ ಹಾಕಿಯೇಬಿಟ್ಟೆ. ಮಂಜಿ ಹತ್ತಿದಳು ಅಂತ ಕೆರಗೋಡಿಗೆ ಯಾರು ಹೋಗಿ ಹೇಳುತ್ತಾರೆ? ಆದರೆ ಅವ್ವನಿಗೂ ಹೀಗೇ ಆಸೆಯಾಗಿದ್ದಿರಬೇಕು. ಅದನ್ನೇ ಅವಳು ತನ್ನ ತಪ್ಪು ಅಂದುಕೊಂಡು ಮನೆಯ ಗೋಡೆಗೆ ಸಿಕ್ಕಿಸಿಕೊಂಡಿದ್ದಳು. ನಾನು ಮೆಲ್ಲಗೆ ಶಿಲ್ಪಳ ಬೆರಳು ಬಿಡಿಸಿದೆ.

"ಎತ್ಬ್ಯಾಡ ಕಣಮ್ಮಿ. ನಿನ್ ದಮ್ಮಯ್ಯ."

ಅವಳು ಹೆದರಿ ಕೈ ಬಿಟ್ಟಳು. ಬಸ್ಸು ಹೋಯಿತು. ರಸ್ತೆಯಲ್ಲಿ ನಿಂತು ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಅಲ್ಲಿಂದ ಶೀಟು ನೋಡಲಿಲ್ಲ. ಬಿಸಿಲು ಬಲಗೆನ್ನೆಗೆ ಬಂತು. ನಾನು ಬರೆದುಕೊಂಡಿದ್ದ ಆಲದ ಮರ ಆಷಾಢದಲ್ಲಿ ಇತ್ತು, ಕಾರ್ತಿಕದಲ್ಲಿ ಇರಲಿಲ್ಲ. ರಸ್ತೆ ಅಗಲ ಮಾಡುವವರು ಕಡಿದಿದ್ದರು. ಬುಡದ ಮೇಲೆ ಕೂತು ನೀರು ಕುಡಿದು ಎದ್ದೆ. ನಾಲೆಯ ಸೇತುವೆ ದಾಟಿದೆ. ರಸ್ತೆ ಅಂಚಿಗೆ ಬಳಿದ ಬಿಳೀ ಪಟ್ಟೆಯ ಮೇಲೆ ಕಾವು ಕಮ್ಮಿ ಅಂತ ಅದರ ಮೇಲೇ ನಡೆದೆ. ಇಡೀ ದಾರಿಯಲ್ಲಿ ಕಾಲಿಗೆ ಬೇಕಾದ ವಿಷಯ ಅದೊಂದೇ, ಅದು ನನ್ನ ಶೀಟಿನಲ್ಲಿರಲಿಲ್ಲ. ಸೂರ್ಯ ಇಳಿಯುತ್ತಾ ಬಂದ. ಮಳವಳ್ಳಿಯ ಮೊದಲ ಮನೆಗಳು ಕಂಡಾಗ ಬಾಯಿಗೆ ಬಂದದ್ದು ದೇವರ ಹೆಸರಲ್ಲ, ನಾನು ದಿನಾ ಕೂಗುವ ಮಾತು: ಮಳವಳ್ಳಿ, ಮಳವಳ್ಳಿ, ಇಳೀರಿ. ಬಸ್ ಸ್ಟ್ಯಾಂಡಿನೊಳಗೆ ಕಾಲಿಟ್ಟಾಗ ಅಂಗಡಿಗಳ ಮಾಡಿನ ಮೇಲೆ ಬೆರಳಗಲ ಬಿಸಿಲು ಇನ್ನೂ ಉಳಿದಿತ್ತು.

ಕುಮಾರನಿಗೆ ಫೋನು ಮಾಡಿದೆ. "ಅವ್ವಂಗೆ ಏಳ್ಲಾ, ಮುಟ್ದೆ ಅಂತ."

"ಮುಟ್ದಾ ಅಕ್ಕ? ಸದ್ಯ." ಅವನ ದನಿ ಸೋತಿತ್ತು. "ಒತ್ ಮೂಡ್ದಾಗ್ನಿಂದ ಅವ್ವ ಅಂಗಳದಲ್ಲೇ ನಡೀತಾವ್ಳೆ ಕಣಕ್ಕ. ಈ ಗ್ವಾಡೆಯಿಂದ ಆ ಗ್ವಾಡೆಗೆ, ಕೋಲೂರ್ಕಂಡು. ಕೂತ್ಕ ಅಂದ್ರೆ ಕೂತ್ಕಳಾಕಿಲ್ಲ. ಅಲ್ಲಿ ಅವ್ಳು ನಡೀತಾವ್ಳೆ, ನಾನೆಂಗ್ ಕೂತ್ಕಳ್ಳಿ ಅಂತಾಳೆ. ಉಂಡೂ ಇಲ್ಲ. ತಡಿ, ವಿಡಿಯೋ ಆಕ್ತೀನಿ. ನಿನ್ ಮಕ ನೋಡ್ಬೇಕಂತೆ."

ಫೋನಿನಲ್ಲಿ ಮೊದಲು ಬರೀ ಹಣೆ ಕಂಡಿತು, ಅವಳಿಗೆ ಫೋನು ಹಿಡಿಯುವುದು ಗೊತ್ತಿರಲಿಲ್ಲ. ಆಮೇಲೆ ಕಣ್ಣು. ಶಿವರಾತ್ರಿಯಿಂದ ನನ್ನ ಮೇಲೆ ಬೀಳದ ಕಣ್ಣು. ಸುಮಾರು ಹೊತ್ತು ನೋಡಿದಳು.

"ಕರ್ರಗಾಗಿದ್ದೀಯಾ" ಅಂದಳು.

"ಬಿಸ್ಲು ಕಣವ್ವ."

"ಮುಟ್ದಾ?"

"ಮುಟ್ದೆ."

"ಸರಿ, ಕೂತ್ಕ ಇನ್ನ."

"ನೀನೂ ಕೂತ್ಕಳವ್ವ."

ನಾನು ಸಿಮೆಂಟಿನ ಬೆಂಚಿನ ಮೇಲೆ ಕೂತೆ. ಆ ಕಡೆ ಅವಳು ಮಂಡಿ ಹಿಡಿದುಕೊಂಡು, ಅಯ್ಯಪ್ಪ ಅಂತ ಉಸಿರುಬಿಟ್ಟು ಕೂತದ್ದು ಕೇಳಿಸಿತು.

ಅವತ್ತಿನಿಂದ ಅವ್ವ ದಿನಾ ಸಂಜೆ ಕುಮಾರನ ಕೈಲಿ ಫೋನು ಹಾಕಿಸುತ್ತಿದ್ದಳು. ಕೇಳುವುದು ಅದೊಂದೇ ಮಾತು, ಮುಟ್ದಾ? ಹೋದ ಆಷಾಢದಲ್ಲಿ ಅವಳು ತೀರಿಕೊಂಡಳು. ಪಟದ ಚೌಕಟ್ಟಿನಲ್ಲಿ ಟಿಕೆಟ್ಟು ಇರಲಿಲ್ಲ, ಯಾವಾಗಲೋ ತೆಗೆದುಬಿಟ್ಟಿದ್ದಳು.

ಮೊನ್ನೆ ಬದಲಿ ಡ್ಯೂಟಿಯ ಬಸ್ಸು ಮಳವಳ್ಳಿ ಮುಟ್ಟಿದಾಗ ಸಂಜೆಯಾಗಿತ್ತು. ಜನ ಇಳಿದರು, ನಾನೂ ಇಳಿದು ಅದೇ ಬೆಂಚಿನ ಮೇಲೆ ಕೂತೆ. ಡ್ರೈವರು ಹೊಸಬ. ಟೀ ಕುಡಿದು ಬಂದವನು, "ಯಾರ್ಗಾರ ಕಾಯ್ತಿದ್ದೀರಾ ಮೇಡಂ?" ಅಂದ.

"ಇಲ್ಲಪ್ಪ" ಅಂದೆ. "ಕೂತ್ಕ ಅಂದಿದ್ರು, ಕೂತಿದ್ದೀನಿ."